ವಿಶಾಲಮ್ಮ ಡಾಟ್ ಇನ್

ಜೂನ್ 9, ಸೋಮವಾರ

ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನ್ನ ತಲೆ ಸಿಡಿದುಹೋಗುತ್ತದೆ. ಮಗಳು ಪ್ರಿಯದರ್ಶಿನಿಗೆ ಹೇಳೋಣವೆಂದರೆ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಅವಳ ಪರೀಕ್ಷೆ ನಡೆಯುತ್ತಿದೆ. ಅತ್ತೆಗೆ ಹೇಳಿದರೆ "ಹೋಗ್ಲಿ ಬಿಡೇ" ಎನ್ನುತ್ತಾರೆ. ಸೊಸೈಟಿಯವರು ಕೊಟ್ಟ ಹೋದ ವರ್ಷದ ಡೈರಿ ಒಂದು ಪುಟವೂ ತುಂಬದೆ ಬಿದ್ದಿತ್ತು, ಅದರಲ್ಲಿ ಬರೆಯುತ್ತಿದ್ದೇನೆ. ಅಚ್ಚಾಗಿರುವ ವಾರಗಳೆಲ್ಲ ತಪ್ಪು. ಇರಲಿ, ನನ್ನ ವಾರವೇನು ನೆಟ್ಟಗಿದೆಯೇ?

ಬೆಳಿಗ್ಗೆ ಮೈಸೂರಿನಿಂದ ಮೀರಾ ಮೇಡಂ ಫೋನು ಮಾಡಿದ್ದರು. ಹತ್ತು ವರ್ಷದ ಗಿರಾಕಿ. "ಜಯಶೀಲಾ ಅವ್ರೇ, ಈ ಸಲದ ಸಾರಿನ ಪುಡಿ ಯಾಕೋ ಬೇರೆ ಥರ ಇದೆ" ಎಂದರು. ನಾನು ಅವರಿಗೆ ಪುಡಿ ಕಳಿಸಿ ಎರಡು ತಿಂಗಳಾಗಿದೆ! ವಿಚಾರಿಸಿದರೆ ನೆಟ್‌ನಲ್ಲಿ ತರಿಸಿದ್ದಂತೆ. ವಿಶಾಲಮ್ಮ ಡಾಟ್ ಕಾಮ್. "ನಿಮ್ಮತ್ತೆ ಫೋಟೋನೇ ಇದೆಯಲ್ರೀ, ನಿಮ್ದೇ ಅಂದ್ಕೊಂಡೆ" ಎಂದು ಪ್ಯಾಕೆಟ್ಟಿನ ಚಿತ್ರ ಕಳಿಸಿದರು.

ಅದನ್ನು ನೋಡಿ ಮೈಯೆಲ್ಲ ಉರಿದುಹೋಯಿತು. ಆ ಫೋಟೋ ತೆಗೆದದ್ದು ನನ್ನ ಅಡುಗೆಮನೆಯಲ್ಲಿ. ನಮ್ಮ ಯಜಮಾನರು ಬದುಕಿದ್ದಾಗ ಒಂದು ದೀಪಾವಳಿಗೆ ಭದ್ರಾವತಿಯಿಂದ ಭಾವನವರ ಮಗ ಜ್ಞಾನೇಶ ಬಂದಿದ್ದ, "ಅಜ್ಜಿ, ನಗು" ಎಂದು ತೆಗೆದ. ಅತ್ತೆ ಒಲೆಯ ಮುಂದೆ ಕೂತು ಕೊತ್ತಂಬರಿ ಬೀಜ ಹುರಿಯುತ್ತಿದ್ದಾರೆ, ಪಕ್ಕದಲ್ಲಿ ನಾನು ತಟ್ಟೆ ಹಿಡಿದಿದ್ದೆ. ನನ್ನನ್ನು ಕತ್ತರಿಸಿ ತೆಗೆದಿದ್ದಾನೆ ಪುಣ್ಯಾತ್ಮ. ಅಂಚಿನಲ್ಲಿ ಒಂದು ಮೊಣಕೈ ಮಾತ್ರ ಉಳಿದಿದೆ. ಇಪ್ಪತ್ತಾರು ವರ್ಷ ಈ ಮನೆಯ ಪುಡಿ ಮಾಡಿದ್ದಕ್ಕೆ ನನ್ನ ಪಾಲಿಗೆ ಒಂದು ಮೊಣಕೈ.

ಜೂನ್ 10, ಮಂಗಳವಾರ

ಬೀರುವಿನಿಂದ ಪಾಲುಪಟ್ಟಿ ತೆಗೆದು ಓದಿದೆ. ಹನ್ನೆರಡು ವರ್ಷದ ಹಿಂದೆ ಭದ್ರಾವತಿಯ ಮನೆಯಲ್ಲಿ ಊರಿನ ಹಿರಿಯರಾದ ಶಿವಯೋಗಪ್ಪನವರು ಕೂತು ಬರೆಸಿದ್ದು. ನಮ್ಮಲ್ಲಿ ನಡೆದು ಬಂದಂತೆ ದೊಡ್ಡವರಾದ ಷಣ್ಮುಖಪ್ಪ ಭಾವ ಎರಡು ಪಾಲು ಮಾಡಿಟ್ಟರು, ಚಿಕ್ಕವರಾದ ಇವರು ಮೊದಲು ಆರಿಸಿಕೊಂಡರು. ಒಂದು ಪಾಲಿನಲ್ಲಿ ಭದ್ರಾವತಿಯ ಅಂಗಡಿ, ಗಲ್ಲಾಪೆಟ್ಟಿಗೆ, ಎರಡು ಕಪಾಟು. ಇನ್ನೊಂದರಲ್ಲಿ ಶಿವಮೊಗ್ಗದ ಹೊಸಮನೆ ಬಡಾವಣೆಯ ಈ ಮನೆ, ಪುಡಿ ಮಾಡುವ ಮೆಷಿನ್ನು, ಮೂರು ಬಾಣಲೆ, ನಾಲ್ಕು ಜರಡಿ. ಒಂದು ಜರಡಿ ಹರಿದಿದೆ ಎಂದೂ ಬರೆದಿದ್ದಾರೆ. ಇವರು ಎರಡನೆಯದನ್ನು ಮುಟ್ಟಿ, "ಅಮ್ಮನೂ ನಮ್ಮ ಜೊತೆ ಬರ್ಲಿ" ಎಂದರು.

ಹರಿದ ಜರಡಿ ಪಟ್ಟಿಯಲ್ಲಿದೆ, ಹೆಸರಿಲ್ಲ. ಅಂದು ಅಷ್ಟು ಜನ ಕೂತಿದ್ದರಲ್ಲ, ಒಬ್ಬರ ಬಾಯಲ್ಲೂ 'ವಿಶಾಲಮ್ಮನ ಪುಡಿ' ಅನ್ನುವ ಹೆಸರು ಯಾರಿಗೆ ಎಂಬ ಮಾತು ಬರಲಿಲ್ಲ. ಮಾವನವರಿದ್ದ ಕಾರ್ಖಾನೆಯ ಕ್ವಾರ್ಟರ್ಸಿನ ತಮಿಳರು, ತೆಲುಗರು ಎಲ್ಲ ಬಾಗಿಲಿಗೆ ಬಂದು ಕೊಂಡೊಯ್ಯುತ್ತಿದ್ದ ಪುಡಿಯ ಹೆಸರು! ಅತ್ತೆ ಎಲ್ಲಿರುತ್ತಾರೋ ಅವರ ಹೆಸರೂ ಅಲ್ಲೇ ಇರುತ್ತದೆ ಎಂದುಕೊಂಡಿದ್ದೆವು. ನಾನೂ ಹಾಗೇ ಎಂದುಕೊಂಡಿದ್ದೆ.

ಜೂನ್ 14, ಶನಿವಾರ

ದುರ್ಗಿಗುಡಿಯಲ್ಲಿ ವೆಬ್‌ಸೈಟ್ ಮಾಡಿಕೊಡುವ ಪ್ರಣವನ ಅಂಗಡಿಗೆ ಹೋಗಿದ್ದೆ. ಕಂಪ್ಯೂಟರಿನಲ್ಲಿ ನೋಡಿ ಹೇಳಿದ: "ಡಾಟ್ ಕಾಮ್ ಅವ್ರು ತಗೊಂಡಿದ್ದಾರೆ ಮೇಡಂ. ಡಾಟ್ ಇನ್ ಖಾಲಿ ಇದೆ. ಯಾರು ಮೊದ್ಲು ತಗೊಳ್ತಾರೋ ಅವ್ರದ್ದು."

"ಅಷ್ಟೇನಾ? ಯಾರ ಹೆಸ್ರು ಅಂತ ಕೇಳಲ್ವಾ?"

"ಯಾರೂ ಕೇಳಲ್ಲ. ವರ್ಷಕ್ಕೆ ಒಂದು ಸಿಲಿಂಡರಿನ ದುಡ್ಡು."

ಅಲ್ಲೇ ತೆಗೆದುಕೊಂಡೆ. ವಿಶಾಲಮ್ಮ ಡಾಟ್ ಇನ್. ಹೊರಡುವಾಗ ಪ್ರಣವ ಇನ್ನೊಂದು ಮಾತು ಹೇಳಿದ. ಹೀಗೇ ಹತ್ತಿರದ ಹೆಸರು ನಾಲ್ಕೈದು ತೆಗೆದಿಟ್ಟುಕೊಂಡರೆ ನಾಳೆ ಅವರೇ ಬಂದು ಕೇಳುತ್ತಾರಂತೆ, ಹೇಳಿದಷ್ಟು ಕೊಡುತ್ತಾರಂತೆ. ಹಾಗೆ ಮಾಡಿ ಕಾರು ಕೊಂಡವರಿದ್ದಾರಂತೆ. "ಅಂಥ ದಂಧೆ ನಂಗೆ ಬೇಡಪ್ಪ, ನಮ್ದು ನಮಗೆ ಸಿಕ್ಕಿದ್ರೆ ಸಾಕು" ಎಂದು ಬಂದೆ. ಈ ಕಾಲದ ಹುಡುಗರಿಗೆ ಮಾನ ಮರ್ಯಾದೆ ಇಲ್ಲ.

ಜೂನ್ 30, ಸೋಮವಾರ

ಎರಡು ವಾರದಲ್ಲಿ ಅರವತ್ತು ಆರ್ಡರು! ಬೆಂಗಳೂರು, ಪುಣೆ, ಚೆನ್ನೈ. ಇಷ್ಟು ವರ್ಷ ವಾಟ್ಸಾಪಿನಲ್ಲಿ ಒಬ್ಬೊಬ್ಬರಿಗೇ ಉತ್ತರ ಕೊಟ್ಟು ಬೆರಳು ಸವೆಸಿದೆನಲ್ಲ, ನನ್ನಂಥ ಪೆದ್ದಿ ಯಾರಿದ್ದಾರೆ.

ಚೆನ್ನೈಯಿಂದ ಒಬ್ಬ ಹೆಂಗಸು ಫೋನು ಮಾಡಿ, "ಭದ್ರಾವತಿ ವಿಶಾಲಮ್ಮ ತಾನೆ? ನಾವು ಮೊದ್ಲು ಅಲ್ಲೇ ಕ್ವಾರ್ಟರ್ಸಲ್ಲಿ ಇದ್ವಿ" ಎಂದರು. "ಹೌದಮ್ಮ, ಅವ್ರೇ" ಎಂದೆ. ಸುಳ್ಳೇನಲ್ಲ. ಅತ್ತೆ ಭದ್ರಾವತಿಯವರೇ ತಾನೆ?

ಸಿಲಿಂಡರು ಬಂತು. ಅತ್ತೆ ಎಂದಿನಂತೆ ತಾವೇ ರುಜು ಹಾಕಿದರು. ಕ್ವಾರ್ಟರ್ಸಿನ ಹೆಂಗಸರಿಗೆ ಯಾರೋ ಟೀಚರಮ್ಮ ಮಧ್ಯಾಹ್ನ ಅಕ್ಷರ ಕಲಿಸುತ್ತಿದ್ದರಂತೆ, ಅತ್ತೆ ಕಲಿತದ್ದು ಅವರ ಹೆಸರಿನಷ್ಟೇ. ನಾಲ್ಕು ಅಕ್ಷರಕ್ಕೆ ಎರಡು ನಿಮಿಷ. ಮಧ್ಯದಲ್ಲಿ ಯಾರಾದರೂ ಅವಸರ ಮಾಡಿದರೆ ಪೆನ್ನು ಎತ್ತಿ, "ತಡಿ ಮಾರಾಯ, ಹೆಬ್ಬೆಟ್ಟಿನವಳು ಅಂದ್ಕೊಂಡ್ಯಾ?" ಎನ್ನುತ್ತಾರೆ. ಸಿಲಿಂಡರಿನವನಿಗೆ ಅಭ್ಯಾಸವಾಗಿದೆ, ಗೋಡೆಗೆ ಒರಗಿ ನಿಲ್ಲುತ್ತಾನೆ.

ಜುಲೈ 19, ಶನಿವಾರ

ಇನ್ನೂ ನಾಲ್ಕು ಹೆಸರು ತೆಗೆದುಕೊಂಡೆ. ವಿಶಾಲಮ್ಮ ಫುಡ್ಸ್, ವಿಶಾಲಮ್ಮ ಶಾಪ್, ಅಸಲಿ ವಿಶಾಲಮ್ಮ, ವಿಶಾಲಮ್ಮ ಭದ್ರಾವತಿ. ಎಲ್ಲಾ ಡಾಟ್ ಇನ್. ದಂಧೆಗೆಂದಲ್ಲ. ನಾವು ಬಿಟ್ಟರೆ ಜ್ಞಾನೇಶ ತೆಗೆದುಕೊಳ್ಳುತ್ತಾನೆ, ಆಗ ಬಾಯಿ ಬಡಿದುಕೊಂಡು ಏನು ಪ್ರಯೋಜನ? ಜನ ಹುಡುಕುವುದೇ ಭದ್ರಾವತಿ ಎಂದು ಸೇರಿಸಿಯಂತೆ, ಪ್ರಣವ ತೋರಿಸಿದ. ಅದೊಂದು ಹೆಸರಿನಿಂದಲೇ ಅರ್ಧಕ್ಕರ್ಧ ಗಿರಾಕಿಗಳು ಬರುತ್ತಿದ್ದಾರೆ.

ಅತ್ತೆಯ ಹೊಸ ಫೋಟೋ ತೆಗೆಸಿದೆ. ಇಳಕಲ್ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಒಲೆಯ ಮುಂದೆ ಒಂದೂವರೆ ಗಂಟೆ ಕೂರಿಸಿದೆವು. "ಏನೇ ಇದು, ಈ ವಯಸ್ಸಲ್ಲಿ ನಂಗೆ ಇನ್ನೊಂದು ಮದುವೆ ಮಾಡ್ತೀಯಾ ಮಾರಾಯ್ತಿ?" ಎಂದು ಪ್ರಣವನ ಮುಂದೆಯೇ ಕೇಳಿ ನಗಿಸಿದರು. ಬಾಣಲೆ ಖಾಲಿ ಇತ್ತು. "ಬೀಜ ಹಾಕದೇ ಏನ್ ಹುರೀಲೇ?" ಎಂದು ಮೂರು ಸಲ ಕೇಳಿದರು. ಫೋಟೋಕ್ಕೆ ಅಷ್ಟು ಸಾಕು ಎಂದು ಅವರಿಗೆ ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು.

ಹುರಿಯುವ ಕೆಲಸ ಈಗ ಹಿಂದಿನ ಬೀದಿಯ ಭವಾನಿಗೆ ವಹಿಸಿದ್ದೇನೆ, ಅವಳ ಮನೆಯಲ್ಲೇ ಹುರಿದು ತರುತ್ತಾಳೆ. ನನಗೆ ಫೋನು ನೋಡಿಕೊಳ್ಳುವುದರಲ್ಲೇ ದಿನ ಮುಗಿಯುತ್ತದೆ. ಭಾನುವಾರ ಬಂದಿದ್ದ ಪ್ರಿಯದರ್ಶಿನಿ ಬಾಗಿಲಲ್ಲೇ ನಿಂತು, "ಅಮ್ಮ, ಮನೇಲಿ ವಾಸನೆನೇ ಇಲ್ಲ" ಎಂದಳು. ಹಾಸ್ಟೆಲಿನಲ್ಲಿದ್ದು ಮೂಗು ಕೆಟ್ಟಿರಬೇಕು.

ಆಗಸ್ಟ್ 5, ಮಂಗಳವಾರ

ಜ್ಞಾನೇಶ ಫೋನು ಮಾಡಿದ್ದ. "ಚಿಕ್ಕಮ್ಮ, ಅದು ರಿಜಿಸ್ಟರ್ ಆಗಿರೋ ಟ್ರೇಡ್‌ಮಾರ್ಕು. ನಮ್ಮ ಗಿರಾಕಿಗಳು ನಿಮ್ಮ ಸೈಟಿಗೆ ಬಂದು ನಮ್ಮನ್ನ ಬೈತಿದ್ದಾರೆ. ಭದ್ರಾವತಿ ಹೆಸ್ರಲ್ಲಿ ನೀವು ಯಾಕೆ ತಗೊಂಡ್ರಿ?"

"ನಿಮ್ಮಪ್ಪನ ಮನೆ ಆಸ್ತಿಯೇನೋ ಭದ್ರಾವತಿ?" ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯಲಾರೆ. ಅವನು ಎದುರುತ್ತರ ಕೊಡಲಿಲ್ಲ. ಅದೇ ಇನ್ನೂ ಸಿಟ್ಟು ಬರಿಸಿತು.

ಆಗಸ್ಟ್ 7, ಗುರುವಾರ

ಭದ್ರಾವತಿಗೆ ಹೋಗಿ ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಅಂಗಡಿಗೆ ಕಾಲಿಟ್ಟ ತಕ್ಷಣ ಎಲ್ಲ ಮರೆತುಹೋಯಿತು. ಗಲ್ಲಾದ ಮೇಲೆ, ದೇವರ ಪಟದ ಪಕ್ಕದಲ್ಲಿ, ಚೌಕಟ್ಟು ಹಾಕಿಸಿದ ಟ್ರೇಡ್‌ಮಾರ್ಕಿನ ಸರ್ಟಿಫಿಕೇಟು.

ಷಣ್ಮುಖಪ್ಪ ಭಾವ ಕುರ್ಚಿ ಕೊಟ್ಟರು, ಚಹಾ ತರಿಸಿದರು. ಆಮೇಲೆ ಒಂದು ಫೈಲು ತೆಗೆದು ನನ್ನ ಮುಂದಿಟ್ಟರು. ಬದುಕಿರುವವರ ಹೆಸರು, ಫೋಟೋ ಹಾಕಬೇಕಾದರೆ ಅವರ ಒಪ್ಪಿಗೆ ಕೇಳುತ್ತಾರಂತೆ. ಒಪ್ಪಿಗೆ ಪತ್ರದ ಕೆಳಗೆ ನಾಲ್ಕು ಅಕ್ಷರ. ಅತ್ತೆಯದೇ. ಆ ವಾಲಿದ 'ಶಾ' ನನಗೆ ಗೊತ್ತಿಲ್ಲವೇ? ತಾರೀಖು ನೋಡಿದೆ. ಇವರು ತೀರಿಕೊಂಡ ಹದಿನೈದನೆಯ ದಿನ.

"ಆ ದಿನ ನಾನು ಒಳಗೆ ಬಿದ್ಕೊಂಡಿದ್ದೆ ಭಾವ. ಎದ್ದು ಕೂರೋಕೂ ಆಗ್ತಿರ್ಲಿಲ್ಲ. ಆಗ ಬಂದು ಸೈನ್ ಹಾಕಿಸ್ಕೊಂಡ್ರಾ?"

ಭಾವ ತಲೆ ತಗ್ಗಿಸಿದರು. "ತಪ್ಪು ಅಂತ ಅನ್ಸಿರ್ಲಿಲ್ಲ ಕಣಮ್ಮ. ಅಮ್ಮನೇ ಕೊಟ್ರು. ನೀನು ಈ ಹೆಸ್ರಲ್ಲಿ ಮಾರ್ಬೇಡ ಅಂತ ನಾವು ಯಾವತ್ತಾದ್ರೂ ಅಂದಿದ್ವಾ? ಮನೇಲಿ ಮಾರ್ಕೊಂಡಿದ್ದೆ, ಮಾರ್ಕೋ. ಭದ್ರಾವತಿ ಅಂತ ಹಾಕ್ಕೊಂಡಿದ್ದೀಯಲ್ಲ, ಅದೊಂದು ತೆಗಿ."

ಎಷ್ಟು ಸಲೀಸಾಗಿ ಹೇಳಿದರು. ಚಹಾ ಕುಡಿಯದೆ ಎದ್ದು ಬಂದೆ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ. ಅವರು ಹೂಬತ್ತಿ ಹೊಸೆಯುತ್ತಿದ್ದರು. "ಹ್ಞೂಂ, ಜ್ಞಾನೇಶ ಬಂದು ಕೇಳ್ದ, ಕೊಟ್ಟೆ. ನೀನು ಕೇಳಿದ್ರೆ ನಿಂಗೂ ಕೊಡ್ತಿದ್ದೆ. ಹೆಸ್ರೇನು ಕೊಟ್ರೆ ಕರಗಿ ಹೋಗತ್ತಾ?"

ಗಂಡನ ಮನೆಯವರ ಮೇಲೆ ಇಷ್ಟು ವರ್ಷದಲ್ಲಿ ಎಂದೂ ಬಾರದ ಸಿಟ್ಟು ಬಂತು. ತಟ್ಟೆ ಎತ್ತಿ ಎಸೆದೆ. ಬತ್ತಿಗಳೆಲ್ಲ ನೆಲಕ್ಕೆ ಚೆಲ್ಲಿದವು. ಅತ್ತೆ ಒಂದೊಂದೇ ಆರಿಸಿಕೊಂಡರು.

ಆಗಸ್ಟ್ 29, ಶುಕ್ರವಾರ

ಏಳು ಜನ ಪ್ಯಾಕೆಟ್ ವಾಪಸು ಕಳಿಸಿದ್ದಾರೆ. ಸೀದ ವಾಸನೆ, ಕಹಿ. ಭವಾನಿ ಮೆಣಸಿನಕಾಯಿ, ಕೊತ್ತಂಬರಿ ಎಲ್ಲ ಒಟ್ಟಿಗೇ ಸುರಿದು ಹುರಿದಿದ್ದಾಳೆ. ಬೈದೆ. ಆದರೆ ಮಾಡಿದ ಪುಡಿ ಎಸೆಯಲಾಗುತ್ತದೆಯೇ? ಹೊಸದರಲ್ಲಿ ಬೆರೆಸಿದೆವು, ಗೊತ್ತಾಗುವುದಿಲ್ಲ. ಹೆಸರು ನೋಡಿ ಕೊಳ್ಳುವವರು, ನಾಲಿಗೆ ನೋಡಿ ಅಲ್ಲ.

ಸೆಪ್ಟೆಂಬರ್ 1, ಸೋಮವಾರ

ಇವತ್ತು ಒಂದು ಗಟ್ಟಿ ನಿರ್ಧಾರ ಮಾಡಿದೆ. ಪ್ರಣವ ಹೇಳಿದಂತೆ ಜ್ಞಾನೇಶನಿಗೆ ಬರೆದು ಕಳಿಸಿದೆ: "ಐದು ಹೆಸರೂ ಬೇಕಾದರೆ ಎರಡು ಲಕ್ಷ ಕೊಡು. ಇಲ್ಲದಿದ್ದರೆ ಬೇರೆಯವರಿಗೆ ಮಾರುತ್ತೇನೆ." ಬೇರೆ ಯಾರೂ ಕೇಳಿಲ್ಲ, ಆದರೂ ಹೆದರಲಿ.

ಹತ್ತೇ ನಿಮಿಷಕ್ಕೆ ಉತ್ತರ ಬಂತು: "ಸರಿ ಚಿಕ್ಕಮ್ಮ. ನೋಡೋಣ." ಹೇಗೆ ಬಾಲ ಮುದುರಿಕೊಂಡ! ಬಹಳ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಸೆಪ್ಟೆಂಬರ್ 16, ಮಂಗಳವಾರ

ಅಯ್ಯೋ ಶಿವನೇ.

ಸೆಪ್ಟೆಂಬರ್ 17, ಬುಧವಾರ

ನಿನ್ನೆ ಬರೆಯಲು ಕೈ ಆಡಲಿಲ್ಲ. ಡಾಟ್ ಇನ್ ಹೆಸರುಗಳ ಜಗಳ ತೀರ್ಮಾನಿಸಲು ದೆಹಲಿಯಲ್ಲಿ ಮಧ್ಯಸ್ಥಗಾರರು ಇದ್ದಾರಂತೆ. ಜ್ಞಾನೇಶ ಅಲ್ಲಿಗೆ ದೂರು ಕೊಟ್ಟಿದ್ದಾನೆ. ನಲವತ್ತು ಪುಟ. ಇವತ್ತು ಕೋರ್ಟಿನ ಹತ್ತಿರ ವಕೀಲೆ ಶ್ರೀಗೌರಿಯವರ ಆಫೀಸಿಗೆ ಹೋದೆ. ಅವರು ಎಲ್ಲ ಓದಿ, ಕನ್ನಡಕ ತೆಗೆದು, ಕೊನೆಯ ಪುಟ ನನ್ನ ಕಡೆ ತಿರುಗಿಸಿದರು. ನನ್ನದೇ ಮೆಸೇಜು. ಎರಡು ಲಕ್ಷ.

"ಇದನ್ನ ಯಾಕೆ ಕಳಿಸಿದ್ರಿ?"

ನಾನು ಆ ಪುಟ ಮಗುಚಿಟ್ಟೆ.

"ನೀವು ಮೊದ್ಲಿಂದ ಇದೇ ಹೆಸ್ರಲ್ಲಿ ಪುಡಿ ಮಾಡ್ತಿದ್ರಿ, ಹಳೇ ಬಿಲ್ ಇದೆ, ಲೈಸೆನ್ಸ್ ಇದೆ, ಅಜ್ಜಿ ನಿಮ್ಮನೇಲೇ ಇದ್ದಾರೆ. ಡಾಟ್ ಇನ್ ಒಂದೇ ತಗೊಂಡು ಸುಮ್ನೆ ಇದ್ದಿದ್ರೆ ನಾನು ಧೈರ್ಯವಾಗಿ ವಾದ ಮಾಡ್ತಿದ್ದೆ. ನೀವು ಭದ್ರಾವತಿ ಹೆಸ್ರು ತಗೊಂಡ್ರಿ. ಆಮೇಲೆ ದುಡ್ಡು ಕೇಳಿದ್ರಿ. ಮಾರೋಕೇ ತಗೊಂಡಿದ್ದು ಅಂತ ನೀವೇ ಬರ್ದುಕೊಟ್ಟ ಹಾಗಾಯ್ತು."

"ಪ್ರಣವ ಹೇಳಿದ್ದ ಮೇಡಂ."

"ಪ್ರಣವನ ಹೆಸ್ರು ಇದ್ರಲ್ಲಿ ಎಲ್ಲೂ ಇಲ್ವಲ್ಲ."

ಸೋತರೆ ಐದು ಹೆಸರೂ ಅವನಿಗೆ ಹೋಗುತ್ತವೆ. ಅಷ್ಟೇ ಆದರೆ ಪರವಾಗಿರಲಿಲ್ಲ. ಅದರ ಬಲದ ಮೇಲೆ ಅವನು ಪ್ಯಾಕೆಟ್ಟಿನ ಮೇಲಿನ ಹೆಸರನ್ನೂ ನಿಲ್ಲಿಸಬಹುದಂತೆ. ಆಗ ಏನು ಮಾಡಲಿ? ಪ್ರಣವನಿಗೆ ಫೋನು ಮಾಡಿದರೆ ಎತ್ತುತ್ತಿಲ್ಲ. ಮನೆಗೆ ಬಂದು ಮೆಷಿನ್ನಿನ ಪಕ್ಕ ಕೂತು ಅತ್ತುಬಿಟ್ಟೆ. ಬಾಯಿಗೆ ಸೆರಗು ತುರುಕಿಕೊಂಡಿದ್ದೆ, ಅತ್ತೆಗೆ ಕೇಳಿಸದಿರಲಿ ಎಂದು.

ಅಕ್ಟೋಬರ್ 6, ಸೋಮವಾರ

ಈಗ ಉಳಿದಿರುವುದು ಒಂದೇ ದಾರಿ. ಒಪ್ಪಿಗೆ ಪತ್ರ ಏನೆಂದು ತಿಳಿಯದೆ ರುಜು ಹಾಕಿದೆ, ಮೊಮ್ಮಗ ಮೋಸ ಮಾಡಿದ ಎಂದು ಅತ್ತೆ ಬರೆದುಕೊಡಬೇಕು. ಶ್ರೀಗೌರಿಯವರಿಗೆ ಅಷ್ಟು ನಂಬಿಕೆಯಿಲ್ಲ. "ಅವ್ರು ನಿಜವಾಗ್ಲೂ ಹಾಗೇ ಹೇಳ್ತಾರಾ?" ಎಂದು ಎರಡೆರಡು ಸಲ ಕೇಳಿದರು. "ಹೇಳ್ತಾರೆ ಮೇಡಂ" ಎಂದೆ.

ದಿನವೂ ಊಟವಾದ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಹೇಳಿಕೊಡುತ್ತಿದ್ದೇನೆ. ಇವತ್ತೂ ಅದೇ ರಾಗ.

"ಆ ಹುಡ್ಗ ಮೋಸ ಮಾಡ್ಲಿಲ್ಲ ಕಣೇ. ಓದಿ ಹೇಳ್ದ. ನಂಗೆ ಗೊತ್ತಾಗೇ ಸೈನ್ ಹಾಕ್ದೆ."

"ಅತ್ತೆ, ನೀವು ಹಾಗಂದ್ರೆ ನಾನು ಬೀದಿಗೆ ಬೀಳ್ತೀನಿ. ಪ್ರಿಯಾ ಓದು ನಿಲ್ಲತ್ತೆ. ನಿಮ್ಮ ಮಗ ಇದ್ದಿದ್ರೆ ನಾನು ಹಿಂಗೆ ಕೈಮುಗೀಬೇಕಿತ್ತಾ?"

ಇವರ ಹೆಸರು ತೆಗೆಯಬಾರದಿತ್ತೇನೋ. ಅತ್ತೆ ಗೋಡೆಯ ಕಡೆ ತಿರುಗಿ ಕೂತರು. ಆಮೇಲೆ, "ಸರಿ. ನೀ ಹೇಳ್ದಂಗೆ" ಎಂದರು.

ಅಂತೂ ಅವರಿಗೆ ಅರ್ಥವಾಯಿತು. ಸ್ವಲ್ಪ ಸಮಾಧಾನವಾಯಿತು.

ಅಕ್ಟೋಬರ್ 13, ಸೋಮವಾರ

ನೋಟರಿಯವರ ಮುಂದೆ ಅತ್ತೆ ಒಂದು ಮಾತೂ ತಪ್ಪದೆ ಹೇಳಿದರು! ನೋಟರಿ ಪೂರ್ತಿ ಓದಿ, "ಅಜ್ಜಿ, ನಿಮ್ಮ ಮೊಮ್ಮಗ ಮೋಸದಿಂದ ಸೈನ್ ಹಾಕಿಸ್ಕೊಂಡ್ರು ಅಂತ ಇದೆ. ನಿಜ ತಾನೆ?" ಎಂದರು.

"ಹೌದು."

"ಯಾರ ಬಲವಂತಾನೂ ಇಲ್ಲ ತಾನೆ?"

ಅತ್ತೆ ನನ್ನ ಕಡೆ ನೋಡಲಿಲ್ಲ. "ಇಲ್ಲ" ಎಂದರು.

ಮೂರು ಕಡೆ ರುಜು. ಆರು ನಿಮಿಷ. ಹೊರಗೆ ಜನ ಕಾಯುತ್ತಿದ್ದರು, ನೋಟರಿಯ ಗುಮಾಸ್ತ "ಬೇಗ ಅಜ್ಜಿ" ಎಂದ. ಅತ್ತೆ ಅವನನ್ನು ಬೈಯಲಿಲ್ಲ. ಸುಸ್ತಾಗಿತ್ತೇನೋ.

ಬರುವಾಗ ಹೋಟೆಲಿಗೆ ಕರೆದುಕೊಂಡು ಹೋಗಿ ಅವರಿಗೆ ಇಷ್ಟವಾದ ಬೆಣ್ಣೆ ದೋಸೆ ಹೇಳಿದೆ. ಮುಟ್ಟಲಿಲ್ಲ. ಪೊಟ್ಟಣ ಕಟ್ಟಿಸಿಕೊಂಡು ಬಂದು ನಾನೇ ತಿಂದೆ.

ಅಕ್ಟೋಬರ್ 24, ಶುಕ್ರವಾರ

ದೀಪಾವಳಿ ಆಯಿತು. ಹೂಬತ್ತಿ ಅಂಗಡಿಯಿಂದ ತಂದೆ.

ನವೆಂಬರ್ 5, ಬುಧವಾರ

ಮಧ್ಯಾಹ್ನ ಅತ್ತೆಗೆ ಅನ್ನ ಸಾರು ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ಕೈ ತೆಗೆದರು.

"ಇದು ಯಾರ ಪುಡಿನೇ?"

"ನಿಮ್ದೇ ಅತ್ತೆ."

"ನಂದಲ್ಲ."

ಸಿಟ್ಟು ಬಂತು. ಊರೆಲ್ಲ ಮೂಗು ಮುರಿಯುವುದು ಸಾಲದೆಂದು ಇವರೂ ಶುರು ಮಾಡಿದರು. ಆರ್ಡರು ದಿನಕ್ಕೆ ಎರಡಕ್ಕೆ ಇಳಿದಿದೆ. ಮೈಸೂರಿನ ಮೀರಾ ಮೇಡಂ ಕೂಡ ಈಗ ಬೇರೆ ಯಾರದೋ ಪುಡಿ ತರಿಸುತ್ತಾರಂತೆ. ಜ್ಞಾನೇಶನದಲ್ಲ, ನನ್ನದೂ ಅಲ್ಲ. ದೇವರಾಣೆ, ನನಗೆ ಬದುಕು ಸಾಕಾಗಿದೆ. ಯಾರಿಗಾಗಿ ಇಷ್ಟೆಲ್ಲ ಬಡಿದಾಡುತ್ತಿದ್ದೇನೆ? ಅತ್ತೆಯ ಹೆಸರು ಉಳಿಯಲಿ ಎಂದೇ ಅಲ್ಲವೇ? ಅದಾದರೂ ಈ ಮುದುಕಿಗೆ ಗೊತ್ತಾಗಬೇಡವೇ?

ನವೆಂಬರ್ 21, ಶುಕ್ರವಾರ

ಸೋತೆ.

ಶ್ರೀಗೌರಿಯವರು ತೀರ್ಪು ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಭದ್ರಾವತಿಯ ಹೆಸರನ್ನು ತೆಗೆದುಕೊಂಡದ್ದು ಜನರಿಗೆ ಗೊಂದಲ ಮಾಡಲೆಂದೇ, ಮಾರಲು ಬೆಲೆ ಕೇಳಿದ್ದು ಕೆಟ್ಟ ಉದ್ದೇಶಕ್ಕೆ ಸಾಕ್ಷಿ, ಐದು ಹೆಸರೂ ಅವರಿಗೆ ಸೇರತಕ್ಕದ್ದು.

"ಅತ್ತೆ ಬರೆದುಕೊಟ್ಟಿದ್ದು?"

ಅವರು ಪುಟ ತಿರುವಿ ಒಂದು ಕಡೆ ಬೆರಳಿಟ್ಟರು. ಒಂದೇ ಒಂದು ವಾಕ್ಯ. ಒಪ್ಪಿಗೆ ಸರಿಯೋ ತಪ್ಪೋ ಎನ್ನುವುದು ಈ ಜಗಳಕ್ಕೆ ಸೇರಿದ್ದಲ್ಲ, ಅದನ್ನು ನಾವು ನೋಡುವುದಿಲ್ಲ ಎಂದು. ಅಂದರೆ ಅದನ್ನು ಯಾರೂ ನಂಬಲಿಲ್ಲ ಎಂದಲ್ಲ, ಸುಳ್ಳೆಂದಲ್ಲ. ಬೇಕೇ ಇರಲಿಲ್ಲ.

"ಅದು ಅವ್ರ ಕೈಗೂ ಹೋಗಿದ್ಯಾ ಮೇಡಂ?"

"ನಾವು ಕೊಟ್ಟಿದ್ದೆಲ್ಲ ಎದುರು ಪಾರ್ಟಿಗೂ ಹೋಗತ್ತೆ. ಅಕ್ಟೋಬರಲ್ಲೇ ಹೋಗಿದೆ."

ಅಕ್ಟೋಬರಿನಲ್ಲೇ. ಈ ಸಲ ದೀಪಾವಳಿಗೆ ಜ್ಞಾನೇಶ ಅಜ್ಜಿಗೆ ಫೋನು ಮಾಡಿರಲಿಲ್ಲ.

ನವೆಂಬರ್ 23, ಭಾನುವಾರ

ಜ್ಞಾನೇಶ ಬಂದಿದ್ದ. ಗೆದ್ದವನ ಗತ್ತಿನಲ್ಲಿ ಬರುತ್ತಾನೆಂದು ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ. ಚಪ್ಪಲಿ ಬಿಟ್ಟು ಬಂದು ಕೂತ, ಒಂದು ಲೋಟ ನೀರು ಕೇಳಿದ.

"ಪ್ಯಾಕೆಟ್ ಮೇಲಿನ ಹೆಸ್ರು ನೀವು ಇಟ್ಕೊಳ್ಳಿ ಚಿಕ್ಕಮ್ಮ. ಶಿವಮೊಗ್ಗ ಅಂತ ಹಾಕ್ಕೊಳ್ಳಿ. ಕಾಗದ ಮಾಡ್ಕೊಡ್ತೀನಿ, ಅಪ್ಪನೂ ಒಪ್ಪಿದ್ದಾರೆ."

ನೀರಿನ ಲೋಟ ಅವನ ಮುಂದಿಟ್ಟೆ.

"ಒಂದು ಕೇಳ್ಬೇಕಿತ್ತು" ಎಂದ. "ಅಜ್ಜಿ ಹಂಗೆ ಹೇಳಿದ್ರಾ? ಅವ್ರ ಬಾಯಲ್ಲೇ ಹೇಳಿದ್ರಾ?"

ನಾನು ಏನು ಹೇಳಲಿ? ಹೌದೆಂದರೆ ಅತ್ತೆಯ ಮೇಲೆ ಬರುತ್ತದೆ, ಇಲ್ಲವೆಂದರೆ ನನ್ನ ಮೇಲೆ. "ವಕೀಲರು ಬರ್ದಿದ್ದು" ಎಂದೆ.

ಅವನು ಕೋಣೆಯ ಬಾಗಿಲಿಗೆ ಹೋಗಿ "ಅಜ್ಜೀ" ಎಂದ. ಅತ್ತೆ ಮುಸುಕೆಳೆದು ಗೋಡೆಗೆ ಮುಖ ಮಾಡಿ ಮಲಗಿದ್ದರು. ಎರಡನೆಯ ಸಲ ಕರೆದ. ನಿದ್ದೆ ಮಾಡುವವರ ಬೆನ್ನು ಹಾಗೆ ಅಲುಗುವುದಿಲ್ಲ, ನನಗೂ ಕಂಡಿತು, ಅವನಿಗೂ ಕಂಡಿತು. ತಂದಿದ್ದ ಬಾಳೆಹಣ್ಣು ಹೊಸ್ತಿಲ ಬಳಿ ಇಟ್ಟು ಹೋದ.

ನವೆಂಬರ್ 28, ಶುಕ್ರವಾರ

ಇವತ್ತು ಅತ್ತೆಯನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಮಾವನವರ ಕಾರ್ಖಾನೆಯ ಪಿಂಚಣಿಗೆ, ಬದುಕಿದ್ದೇನೆ ಎಂದು ಪ್ರತಿ ನವೆಂಬರಿನಲ್ಲೂ ಬರೆದುಕೊಡಬೇಕು. ಎಂದೂ ಅದು ಅತ್ತೆಗೆ ಹಬ್ಬ. ತೊಳೆದ ಸೀರೆ ಉಟ್ಟು, ಬೆರಳು ನೀವಿಕೊಂಡು ಕೂರುತ್ತಾರೆ, ಅವರು ರುಜು ಹಾಕುವುದನ್ನು ಕೌಂಟರಿನವರೆಲ್ಲ ನೋಡಬೇಕು.

ಕೌಂಟರಿನ ಹುಡುಗಿ, ದೀಪಶ್ರೀ ಅಂತ, ಅತ್ತೆಯನ್ನು ಚೆನ್ನಾಗಿ ಬಲ್ಲಳು. ಅರ್ಜಿ ಮುಂದಿಟ್ಟು, ಪೆನ್ನು ಕೊಟ್ಟು, "ನಿಧಾನವಾಗಿ ಬರೀರಿ ಅಜ್ಜಿ, ನಂಗೇನೂ ಅವಸರ ಇಲ್ಲ" ಎಂದಳು.

ಅತ್ತೆ ಪೆನ್ನು ಮುಟ್ಟಲಿಲ್ಲ.

"ಹೆಬ್ಬೆಟ್ಟು ಹಾಕಿಸ್ಕೋ ತಾಯಿ."

ಹುಡುಗಿ ನಕ್ಕಳು. "ತಮಾಷೆ ಮಾಡ್ತೀರಾ? ನೀವು ಸೈನ್ ಹಾಕ್ತೀರಲ್ಲ ಅಜ್ಜಿ, ಹೋದ ವರ್ಷ ನಂಗೇ ಬೈದಿದ್ರಿ."

"ಬರಲ್ಲ ನಂಗೆ."

"ಅತ್ತೆ, ಬರೀರಿ. ನಾಲ್ಕು ಅಕ್ಷರ" ಎಂದೆ. ಕೈ ಹಿಡಿದೆ. ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು. ಸಿಟ್ಟಿನಿಂದಲ್ಲ. ಮೂರು ತಿಂಗಳಿನಿಂದ ಅವರು ನನ್ನ ಮೇಲೆ ಒಂದು ಸಲವೂ ಸಿಟ್ಟಾಗಿಲ್ಲ.

"ಅವತ್ತು ನೋಟರಿ ಮುಂದೆ ಬರೆದಿದ್ದೇ ಕೊನೆ. ಇನ್ನು ಆ ಹೆಸ್ರು ಬರೆಯಲ್ಲ ಕಣೇ ಜಯಾ. ಬರೆದ್ರೆ ಆ ಕಾಗ್ದದಲ್ಲಿ ಸುಳ್ಳು ಹೇಳಿದವ್ಳೂ ನಾನೇ ಆಗ್ತೀನಿ."

ದೀಪಶ್ರೀ ನನ್ನ ಮುಖ ನೋಡಿದಳು. 'ರುಜು' ಎಂದಿದ್ದ ಕಡೆ ಹೊಡೆದುಹಾಕಿ 'ಎಡಗೈ ಹೆಬ್ಬೆರಳು' ಎಂದು ಬರೆದು ಶಾಯಿಡಬ್ಬಿ ತಂದಳು. ಎಂಬತ್ತೆರಡು ವರ್ಷದ ಅತ್ತೆ ತಾವಾಗಿಯೇ ಬೆರಳು ಚಾಚಿದರು.

ಆಟೋದಲ್ಲಿ ಬರುವಾಗ ಸೆರಗಿನ ತುದಿ ಒದ್ದೆ ಮಾಡಿ ಅವರ ಹೆಬ್ಬೆರಳು ಒರೆಸಿದೆ. ಮನೆಗೆ ಬಂದು ಸೋಪು ಹಚ್ಚಿದೆ, ಎಣ್ಣೆ ಹಚ್ಚಿದೆ, ನಿಂಬೆಹೋಳಿನಿಂದ ತಿಕ್ಕಿದೆ. ಅತ್ತೆ ಮಗುವಿನಂತೆ ಕೈ ಕೊಟ್ಟು ಕೂತಿದ್ದರು. ತಿಕ್ಕಿ ತಿಕ್ಕಿ ನನ್ನ ಬೆರಳೂ ನೀಲಿಯಾಯಿತು, ಅವರದು ಹೋಗಲಿಲ್ಲ. "ಬಿಡೇ, ಸಾಕು" ಎಂದರು. ನಾನು ಇನ್ನೂ ತಿಕ್ಕುತ್ತಲೇ ಇದ್ದೆ.